ಮನೆ ಕೊಳ್ಳುವಾಗ, ಮಾರುವಾಗ: ಯಾವ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಖಾತೆ ಮಾಲೀಕರ ಹೆಸರಿನಲ್ಲೇ ಇದೆ, ಸಾಕಲ್ವಾ? ಇ.ಸಿ.ಯಲ್ಲಿ (ಋಣಭಾರ ಪತ್ರದಲ್ಲಿ) ಸಾಲ ಏನೂ ಕಾಣುತ್ತಿಲ್ಲ, ಮುಂಗಡ ಕೊಡಬಹುದಾ? ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಕೊಟ್ಟಾಗಿದೆ, ಅವರ ಸಹಿ ಯಾಕೆ ಬೇಕು? ಜಿಪಿಎ (ಅಧಿಕಾರಪತ್ರ) ಮೇಲೆ ಕೊಂಡರೆ ಏನಾಗುತ್ತದೆ? ಮನೆ ಕೊಳ್ಳುವವರು, ಮಾರುವವರು ಮತ್ತೆ ಮತ್ತೆ ಕೇಳುವುದು ಇವನ್ನೇ. ಕರ್ನಾಟಕದಲ್ಲಿ ಮನೆ, ಫ್ಲ್ಯಾಟ್ ಅಥವಾ ನಿವೇಶನದ ವ್ಯವಹಾರಕ್ಕೆ ಕೈ ಹಾಕುವವರಿಗಾಗಿ ಇವಕ್ಕೆಲ್ಲ ಒಂದೇ ಕಡೆ ಉತ್ತರ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಸ್ತಿಯ ಕಾಗದಗಳಲ್ಲಿ ಒಂದೊಂದೂ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಖಾತೆ ಹೇಳುವುದು ತೆರಿಗೆ ಯಾರ ಹೆಸರಿನಲ್ಲಿ ಬೀಳುತ್ತದೆ ಎಂದು. ಇ.ಸಿ. ಹೇಳುವುದು ಯಾವ ಪತ್ರಗಳು ನೋಂದಣಿಯಾಗಿವೆ ಎಂದು. ಕ್ರಯಪತ್ರ ಹೇಳುವುದು ಯಾರು ಯಾರಿಗೆ ಬರೆದುಕೊಟ್ಟರು ಎಂದು. ಬರೆದುಕೊಟ್ಟವರಿಗೆ ಆ ಹಕ್ಕು ಇತ್ತೇ ಎಂಬುದನ್ನು ಇವುಗಳಲ್ಲಿ ಯಾವುದೂ ಒಂಟಿಯಾಗಿ ಹೇಳುವುದಿಲ್ಲ. ಉಪನೋಂದಣಾಧಿಕಾರಿ ಕೂಡ ಮಾಲೀಕತ್ವವನ್ನು ತನಿಖೆ ಮಾಡಿ ಖಾತ್ರಿ ಕೊಡುವವರಲ್ಲ. ರಿಜಿಸ್ಟರ್ ಆಯಿತು ಅಂದ ಮಾತ್ರಕ್ಕೆ ಹಕ್ಕು ಗಟ್ಟಿಯಾಯಿತು ಎಂದುಕೊಳ್ಳಬೇಡಿ. ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡುವ ಕೆಲಸ ಕೊಳ್ಳುವವರದ್ದೇ.

1. ಮೊದಲು ಕಾಗದ, ಆಮೇಲೆ ಮುಂಗಡ

ಮನೆ ಇಷ್ಟವಾದ ದಿನವೇ ಟೋಕನ್ ಕೊಡಿ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂದು ಬ್ರೋಕರ್ ಅವಸರ ಮಾಡುವುದು ಮಾಮೂಲು. ಕಾಗದದ ಜೆರಾಕ್ಸ್ ಕೈಗೆ ಬಂದು, ನಿಮ್ಮ ವಕೀಲರು ನೋಡುವವರೆಗೆ ಹಣ ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಸಣ್ಣ ಮೊತ್ತವನ್ನು ಬ್ಯಾಂಕ್ ಮೂಲಕ ಕೊಡಿ. ಕಾಗದಪತ್ರ ಸರಿಯಿಲ್ಲದಿದ್ದರೆ ಹಣ ವಾಪಸ್ ಎಂದು ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ.

ಕೇಳಬೇಕಾದ ಕಾಗದಗಳು ಇವು: ಈಗಿನ ಮಾಲೀಕರ ಕ್ರಯಪತ್ರ, ದಾನಪತ್ರ ಅಥವಾ ವಿಭಾಗಪತ್ರ, ಅದಕ್ಕೂ ಹಿಂದಿನ ಮೂಲಪತ್ರಗಳು, ಇ.ಸಿ.; ಇ-ಖಾತೆ; ಈ ವರ್ಷದ ತೆರಿಗೆ ರಸೀದಿ; ಭೂ ಪರಿವರ್ತನೆ ಆದೇಶ; ಬಡಾವಣೆಯ ಮಂಜೂರಾತಿ; ಕಟ್ಟಡದ ಮಂಜೂರಾದ ನಕ್ಷೆ; ಸಾಲ ಇದ್ದರೆ ಬ್ಯಾಂಕಿನ ಪತ್ರ.

ವಕೀಲರು ನಿಮ್ಮವರೇ ಆಗಿರಲಿ. ಬ್ರೋಕರ್ ಕರೆತಂದವರು, ಬಿಲ್ಡರ್ ಕಡೆಯವರು ಬೇಡ. ಬ್ಯಾಂಕ್ ಲೋನ್ ಕೊಡುತ್ತಿದೆ, ಅಂದರೆ ಎಲ್ಲ ಸರಿಯಿದೆ ಎನ್ನುವವರು ಬಹಳ ಜನ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣ ಸುರಕ್ಷಿತವೇ ಎಂದು. ನಾಳೆ ತಕರಾರು ಎದ್ದರೂ ಕಂತು ಕಟ್ಟಬೇಕಾದವರು ನೀವೇ.

2. ಮಾರುವವರಿಗೆ ಮಾರುವ ಹಕ್ಕು ಇದೆಯೇ?

ಇಲ್ಲಿ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಮುಂದೆ ಕೋರ್ಟಿಗೆ ಹೋಗುವ ತಕರಾರುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ.

ಸಾಮಾನ್ಯವಾಗಿ ವಕೀಲರು 30 ವರ್ಷ ಹಿಂದಕ್ಕೆ ಹೋಗಿ ನೋಡುತ್ತಾರೆ. ಯಾರಿಂದ ಯಾರಿಗೆ, ಯಾವ ಪತ್ರದ ಮೂಲಕ ಆಸ್ತಿ ಬಂತು ಎಂದು ವರ್ಷದ ಕ್ರಮದಲ್ಲಿ ಜೋಡಿಸುತ್ತಾರೆ. ಇದನ್ನು ನೀವೂ ಒಂದು ಹಾಳೆಯ ಮೇಲೆ ಬರೆದು ನೋಡಿ. ಒಬ್ಬರ ಕೈಗೆ ಆಸ್ತಿ ಹೇಗೆ ಬಂತು ಎಂಬುದಕ್ಕೆ ಕಾಗದವೇ ಇಲ್ಲದ ಜಾಗ ಎಲ್ಲಿದೆಯೋ, ಅಲ್ಲಿ ಪ್ರಶ್ನೆ ಇದೆ ಎಂದರ್ಥ. ಮೂಲಪತ್ರ ಕಳೆದುಹೋಗಿದೆ ಎಂದರೆ ಪೊಲೀಸ್ ದೂರಿನ ಪ್ರತಿ ಕೇಳಿ, ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ. ಕಳೆದಿದೆ ಎನ್ನುವ ಪತ್ರ ಎಲ್ಲೋ ಸಾಲಕ್ಕೆ ಅಡವಿದ್ದರೂ ಇರಬಹುದು.

ಸ್ವಯಾರ್ಜಿತ ಆಸ್ತಿ, ಅಂದರೆ ಮಾಲೀಕರು ಸ್ವಂತ ದುಡಿಮೆಯಿಂದ ಕೊಂಡಿದ್ದು. ಇದನ್ನು ಮಾರಲು ಹೆಂಡತಿ, ಮಕ್ಕಳ ಒಪ್ಪಿಗೆ ಕಾನೂನಿನಂತೆ ಬೇಕಿಲ್ಲ. ತಂದೆ ಬದುಕಿರುವಾಗ ಅವರ ಸ್ವಯಾರ್ಜಿತದಲ್ಲಿ ಮಕ್ಕಳಿಗೆ ಹಕ್ಕಿಲ್ಲ. ಆದರೂ ವಯಸ್ಸಿಗೆ ಬಂದ ಮಕ್ಕಳ ಸಹಿಯನ್ನು ಒಪ್ಪಿಗೆ ಸಾಕ್ಷಿಯಾಗಿ ಹಾಕಿಸುವುದು ರೂಢಿ. 'ಇದು ಅಜ್ಜನ ಹಣದಿಂದ ಕೊಂಡಿದ್ದು' ಎಂದು ನಾಳೆ ದಾವೆ ಹೂಡುವ ದಾರಿ ಅದರಿಂದ ಕಿರಿದಾಗುತ್ತದೆ. ನಾನಂತೂ ಹಾಕಿಸಿಕೊಳ್ಳಿ ಎಂದೇ ಹೇಳುತ್ತೇನೆ.

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ, ಹುಟ್ಟಿನಿಂದಲೇ ಆ ಹಕ್ಕು ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮದುವೆಯಾಗಿದೆ, ವರದಕ್ಷಿಣೆ ಕೊಟ್ಟಾಗಿದೆ, ಬಂಗಾರ ಹಾಕಿದ್ದೇವೆ ಎಂಬ ಮಾತುಗಳಿಗೆ ಇಲ್ಲಿ ಬೆಲೆ ಇಲ್ಲ. ನೋಂದಾಯಿತ ವಿಭಾಗಪತ್ರ ಅಥವಾ ಕೋರ್ಟಿನ ಡಿಕ್ರಿ ಮೂಲಕ 20 ಡಿಸೆಂಬರ್ 2004ಕ್ಕೆ ಮೊದಲೇ ಪಾಲಾಗಿದ್ದರೆ ಆ ಪಾಲನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ.

ಒಂದು ಉದಾಹರಣೆ ನೋಡೋಣ. ಯಜಮಾನರು ಉಯಿಲು ಬರೆಯದೆ ತೀರಿಕೊಂಡಿದ್ದಾರೆ. ಮನೆ ಅವರ ಸ್ವಯಾರ್ಜಿತ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಮಗ ಮನೆಯಲ್ಲೇ ಇದ್ದಾನೆ, ತೆರಿಗೆ ಕಟ್ಟಿದ್ದಾನೆ, ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ. ಈಗ ಮಾರಲು ಹೊರಟಿದ್ದಾನೆ. ಅವನೊಬ್ಬನ ಸಹಿಯಿಂದ ನಿಮಗೆ ಎಷ್ಟು ಸಿಗುತ್ತದೆ? ನಾಲ್ಕರಲ್ಲಿ ಒಂದು ಪಾಲು, ಅಷ್ಟೇ. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಸಮಪಾಲು ಇದೆ, ಆಗ ಐದರಲ್ಲಿ ಒಂದು. ಈ ಅಜ್ಜಿಯ ಪಾಲನ್ನು ಮರೆಯುವವರೇ ಜಾಸ್ತಿ. ಹಾಗಾಗಿ ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರ ಕೇಳಿ. ಅದರಲ್ಲಿರುವ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಇಲ್ಲವೇ ಉಳಿದವರು ಮಗನ ಹೆಸರಿಗೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿಕೊಟ್ಟಿರಬೇಕು. ಬಿಳಿ ಹಾಳೆ ಅಥವಾ ಛಾಪಾಕಾಗದದ ಮೇಲೆ 'ನಮ್ಮ ತಕರಾರಿಲ್ಲ' ಎಂದು ಬರೆದ ಕಾಗದ ಸಾಲದು. ಇದು ಹಿಂದೂ ಕುಟುಂಬದ ಲೆಕ್ಕ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಪಾಲಿನ ನಿಯಮ ಬೇರೆ ಇದೆ. ಆದರೆ ವಾರಸುದಾರರೆಲ್ಲರ ಸಹಿ ಬೇಕು ಎನ್ನುವುದು ಎಲ್ಲರಿಗೂ ಒಂದೇ.

ಅಪ್ರಾಪ್ತ ಮಕ್ಕಳಿಗೆ, ಅಂದರೆ 18 ತುಂಬದವರಿಗೆ, ಸ್ವಂತ ಆಸ್ತಿ ಇದ್ದರೆ ತಂದೆ ತಾಯಿಯೇ ಆದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಆ ಮಗು ವಯಸ್ಸಿಗೆ ಬಂದ ಮೇಲೆ 3 ವರ್ಷದೊಳಗೆ ಮಾರಾಟ ರದ್ದು ಮಾಡಿ ಎಂದು ಕೇಳಬಹುದು.

ಇನ್ನು ಜಿಪಿಎ. ಇದು ನನ್ನ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ, ಮಾರಾಟವಲ್ಲ. ಜಿಪಿಎ, ಕರಾರು, ಉಯಿಲು ಈ ಮೂರನ್ನು ಸೇರಿಸಿ ಮಾಡುವ 'ಮಾರಾಟ'ದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜಿಪಿಎ ಹೋಲ್ಡರ್ ಮಾಲೀಕರ ಪರವಾಗಿ ನೋಂದಾಯಿತ ಕ್ರಯಪತ್ರ ಬರೆದುಕೊಡಬಹುದು, ಅದು ಸರಿ. ಆದರೆ ಮಾಲೀಕರು ಬದುಕಿದ್ದಾರೆಯೇ, ಅಧಿಕಾರ ರದ್ದಾಗಿಲ್ಲವೇ, ಮಾರುವ ಅಧಿಕಾರವನ್ನು ಅದರಲ್ಲಿ ಬಿಡಿಸಿ ಬರೆದಿದೆಯೇ ಎಂದು ನೋಡಿ. ಮಾಲೀಕರು ತೀರಿಕೊಂಡರೆ ಸಾಮಾನ್ಯ ಜಿಪಿಎ ಅಲ್ಲಿಗೆ ಮುಗಿಯಿತು. ಮಾಲೀಕರ ಜೊತೆ ನೇರವಾಗಿ ಒಮ್ಮೆ ವಿಡಿಯೊ ಕರೆಯಲ್ಲಾದರೂ ಮಾತಾಡದೆ ಮುಂದುವರಿಯಬೇಡಿ. ವಿದೇಶದಲ್ಲಿರುವವರು ಕಳಿಸಿದ ಜಿಪಿಎ ಆದರೆ ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದಲ್ಲಿ ದೃಢೀಕರಣ ಆಗಿರಬೇಕು. ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಿರಬೇಕು.

ಸರ್ಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರು ಮಾಡಿದ್ದ ಜಮೀನಿನಲ್ಲಿ ಬಡಾವಣೆ ಎದ್ದಿದೆಯೇ ಎಂಬುದನ್ನೂ ನೋಡಬೇಕು. 1978ರ ಪಿಟಿಸಿಎಲ್ ಕಾಯ್ದೆಯಂತೆ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಮಾರಾಟ ಅಸಿಂಧು. ಜಮೀನು ಮೂಲ ಕುಟುಂಬಕ್ಕೆ ಮರಳುತ್ತದೆ. ಇಂಥ ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ನಡುವೆ ಎಷ್ಟು ಕೈ ಬದಲಾಗಿದ್ದರೂ ಇದು ಬಿಡುವುದಿಲ್ಲ. ಹಳೆಯ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ತೆಗೆಸಿ ಜಮೀನಿನ ಮೂಲ ನೋಡುವುದು ಇದಕ್ಕಾಗಿಯೇ.

3. ಇ.ಸಿ. ಓದುವುದು, ಅದರಲ್ಲಿ ಇಲ್ಲದ್ದನ್ನು ಹುಡುಕುವುದು

ಇ.ಸಿ., ಅಂದರೆ ಋಣಭಾರ ಪತ್ರ. ನೀವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ ಇದು. ನೋಂದಣಿಗಳಿದ್ದರೆ ಫಾರಂ 15ರಲ್ಲಿ, ಏನೂ ಇಲ್ಲದಿದ್ದರೆ ಫಾರಂ 16ರಲ್ಲಿ ಬರುತ್ತದೆ. 1 ಏಪ್ರಿಲ್ 2004ರಿಂದ ಈಚಿನದ್ದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಸೇವೆಯಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದ್ದಕ್ಕೆ ಉಪನೋಂದಣಿ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಮಾರುವವರು ಕೊಟ್ಟ ಇ.ಸಿ. ನಂಬಿ ಸುಮ್ನೆ ಕೂರಬೇಡಿ, ನೀವೇ ಒಂದು ತೆಗೆಸಿ.

ಓದುವ ಕ್ರಮ ಸುಲಭ. ಪ್ರತಿ ಸಾಲಿನಲ್ಲೂ ಆಸ್ತಿಯ ವಿವರ, ಪತ್ರದ ದಿನಾಂಕ, ಅದು ಯಾವ ಬಗೆಯ ಪತ್ರ, ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು ಎಂದು ಇರುತ್ತದೆ. ಒಂದು ಸಾಲಿನಲ್ಲಿ ಬರೆಸಿಕೊಂಡವರು ಮುಂದಿನ ಮಾರಾಟದಲ್ಲಿ ಬರೆದುಕೊಟ್ಟವರಾಗಿ ಬರಬೇಕು. ನಡುವೆ ಹೊಸ ಹೆಸರು ನುಗ್ಗಿದ್ದರೆ, ಅವರು ಎಲ್ಲಿಂದ ಬಂದರು ಎಂದು ಕೇಳಿ. ಅಡಮಾನ ಎಂಬ ಸಾಲು ಕಂಡರೆ ಅದು ತೀರಿದ್ದಕ್ಕೆ ಋಣಮುಕ್ತಿ ಪತ್ರದ ಸಾಲೂ ಇರಬೇಕು.

ಇ.ಸಿ. ಖಾಲಿ ಇದೆ ಎಂದರೆ ತೊಂದರೆ ಇಲ್ಲ ಎಂದಲ್ಲ. ಅದರಲ್ಲಿ ಕಾಣದ ಸಂಗತಿಗಳು ಬಹಳ ಇವೆ. ನೋಂದಣಿಯಾಗದ ಅಗ್ರಿಮೆಂಟ್ ಕಾಣುವುದಿಲ್ಲ. ಉಯಿಲನ್ನು ನೋಂದಣಿ ಮಾಡಿಸಲೇಬೇಕೆಂದಿಲ್ಲ, ಹಾಗಾಗಿ ಅದೂ ಕಾಣದೆ ಇರಬಹುದು. ಬಾಯಿಮಾತಿನ ಪಾಲು ಕಾಣುವುದಿಲ್ಲ. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ನೋಂದಣಿಯಾಗಿರದಿದ್ದರೆ ಕಾಣುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಕಾಣುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಬಾಡಿಗೆದಾರರು ಇರುವುದೂ ಅದರಿಂದ ಗೊತ್ತಾಗುವುದಿಲ್ಲ.

ಇವನ್ನು ಹುಡುಕುವ ದಾರಿಗಳು ಬೇರೆ. ಬ್ಯಾಂಕ್ ಅಡಮಾನಗಳಿಗೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ ಇದೆ, ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ದಾವೆಗಳಿಗೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಮತ್ತು ಅವರ ಹಿಂದಿನ ಮಾಲೀಕರ ಹೆಸರು ಹಾಕಿ ನೋಡಿ. ಇಂಗ್ಲಿಷ್ ಕಾಗುಣಿತ ಬದಲಿಸಿ ಬದಲಿಸಿ ಹುಡುಕಿ. ದಾವೆ ನಡೆಯುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು, 'ನಮಗೆ ಗೊತ್ತಿರಲಿಲ್ಲ' ಎಂಬುದು ನಡೆಯುವುದಿಲ್ಲ. ಆಮೇಲೆ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿ. ಇಂಥ ಆಸ್ತಿ ಕೊಳ್ಳುತ್ತಿದ್ದೇವೆ, ತಕರಾರಿದ್ದವರು ಇಷ್ಟು ದಿನದಲ್ಲಿ ತಿಳಿಸಿ ಎಂದು. ಇದು ಕಡ್ಡಾಯವಲ್ಲ, ಆದರೆ ನೀವು ಎಚ್ಚರ ವಹಿಸಿದ್ದಿರಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಜನ ಓದುವ ಕನ್ನಡ ಪತ್ರಿಕೆಯೊಂದರಲ್ಲಿ ಬರಲಿ.

ಇನ್ನೊಂದು ಎಡವಟ್ಟು ಇಲ್ಲಿ ಆಗುತ್ತದೆ. ಇ.ಸಿ. ಹುಡುಕಾಟ ನಡೆಯುವುದು ನೀವು ಕೊಟ್ಟ ವಿವರದ ಮೇಲೆ. ಮೊದಲು ಸರ್ವೆ ನಂಬರ್, ಆಮೇಲೆ ಸೈಟ್ ನಂಬರ್, ಆಮೇಲೆ ಹೊಸ ಖಾತಾ ನಂಬರ್ ಎಂದು ಆಸ್ತಿಯ ಗುರುತು ಬದಲಾಗುತ್ತಾ ಬಂದಿರುತ್ತದೆ. ಹೊಸ ನಂಬರ್ ಮಾತ್ರ ಹಾಕಿದರೆ ಹಳೆಯ ಪತ್ರಗಳು ಸಿಗದೆ ಹೋಗಬಹುದು. ಎಲ್ಲ ನಂಬರ್‌ಗಳಲ್ಲೂ ಹುಡುಕಿಸಿ.

4. ಖಾತೆ, ಭೂ ಪರಿವರ್ತನೆ, ನಕ್ಷೆ

ಖಾತೆ ಮಾಲೀಕತ್ವದ ದಾಖಲೆಯಲ್ಲ ಎಂದು ಆಗಲೇ ಹೇಳಿದೆ. ಆದರೂ ಅದಿಲ್ಲದೆ ಕೆಲಸ ಸಾಗದು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು ವ್ಯವಸ್ಥೆಯ ನಮೂನೆ 9 ಮತ್ತು 11 ಕೇಳಿ. ಇ-ಖಾತೆಯಲ್ಲಿ ಹೆಸರು, ಅಳತೆ, ಚಕ್ಕುಬಂದಿ ಮೂರೂ ಕ್ರಯಪತ್ರದ ಹಾಗೇ ಇವೆಯೇ ನೋಡಿ. ವ್ಯತ್ಯಾಸವಿದ್ದರೆ ಮಾರುವವರೇ ಮೊದಲು ತಿದ್ದಿಸಿಕೊಡಲಿ. 'ನೋಂದಣಿ ಆದ ಮೇಲೆ ಸರಿ ಮಾಡಿಸೋಣ' ಎಂದರೆ ಒಪ್ಪಬೇಡಿ, ಆಮೇಲೆ ಅಲೆಯುವವರು ನೀವು.

ಬೆಂಗಳೂರಿನಲ್ಲಿ ಎ ಖಾತೆ, ಬಿ ಖಾತೆ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಭೂ ಪರಿವರ್ತನೆ, ಬಡಾವಣೆ ಮಂಜೂರಾತಿಯಂಥದ್ದರಲ್ಲಿ ಕೊರತೆ ಇರುವ ಆಸ್ತಿಯಿಂದ ತೆರಿಗೆ ವಸೂಲಿ ಮಾಡಲು ಇಟ್ಟ ಪುಸ್ತಕವೇ ಬಿ ಖಾತೆ. ಹಾಗೆಂದು ಅದರ ಮಾಲೀಕತ್ವ ಸುಳ್ಳು ಎಂದಲ್ಲ. ಆದರೆ ಬ್ಯಾಂಕ್ ಸಾಲ, ನಕ್ಷೆ ಮಂಜೂರಾತಿ, ಮುಂದೆ ಮಾರುವುದು ಎಲ್ಲದಕ್ಕೂ ಅಡ್ಡಿ ಬರುತ್ತದೆ. 'ಮುಂದೆ ಎ ಖಾತೆ ಆಗುತ್ತದೆ' ಎಂಬ ಭರವಸೆಗೆ ಎ ಖಾತೆಯ ಬೆಲೆ ಕೊಡಬೇಡಿ.

ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಭೂ ಪರಿವರ್ತನೆ ಆಗಿರಬೇಕು. ಪರಿವರ್ತನೆಯಾದರೂ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆ ಮಂಜೂರಾಗದೆ ಸೈಟ್ ಮಾಡಿ ಮಾರಿದರೆ ಅದು ರೆವಿನ್ಯೂ ಸೈಟೇ, ಅಂದರೆ ಮಂಜೂರಾತಿ ಇಲ್ಲದ ನಿವೇಶನ. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಹಾಕಿಕೊಂಡು ಜಾಗದ ಮೇಲೆ ನಿಂತು ನೋಡಿ. ನೀವು ನಿಂತಿರುವುದು ಯಾವ ಸರ್ವೆ ನಂಬರ್, ಪಕ್ಕದಲ್ಲಿ ಕೆರೆಯೋ ರಾಜಕಾಲುವೆಯೋ ಇದೆಯೇ ಎಂಬುದು ತಿಳಿಯುತ್ತದೆ. ಬಿಡಿಎ, ಕೆಐಎಡಿಬಿಯಂಥ ಸಂಸ್ಥೆಗಳ ಭೂಸ್ವಾಧೀನದ ಅಧಿಸೂಚನೆ ಆ ಸರ್ವೆ ನಂಬರಿನ ಮೇಲೆ ಇದೆಯೇ ಎಂದು ವಕೀಲರಿಂದ ತಿಳಿದುಕೊಳ್ಳಿ.

ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರ. ಕ್ರಯಪತ್ರ ಕೈಯಲ್ಲಿ ಹಿಡಿದು ಜಾಗದಲ್ಲೇ ಓದಿ. ಪೂರ್ವಕ್ಕೆ ರಸ್ತೆ ಎಂದಿದೆ, ಅಲ್ಲಿ ರಸ್ತೆ ಇದೆಯೇ? ಪಶ್ಚಿಮಕ್ಕೆ ಸೈಟ್ ನಂಬರ್ 14 ಎಂದಿದೆ, ಆ ಮನೆಯವರನ್ನು ಕೇಳಿ, ಅವರದ್ದು 14 ಹೌದೇ? 30 ಅಡಿ, 40 ಅಡಿ ಎಂದಿದ್ದರೆ ಟೇಪ್ ಹಿಡಿದು ಅಳೆಯಿರಿ. ಪಕ್ಕದ ಕಾಂಪೌಂಡ್ ಒಂದಡಿ ಒಳಗೆ ಬಂದಿದ್ದರೆ ಅದು ಈಗಲೇ ಗೊತ್ತಾಗಬೇಕು. ಅಕ್ಕಪಕ್ಕದವರ ಜೊತೆ ಹತ್ತು ನಿಮಿಷ ಮಾತಾಡಿದರೆ ಅಣ್ಣತಮ್ಮಂದಿರ ಜಗಳವೂ ತಿಳಿಯುತ್ತದೆ, ಬಾಡಿಗೆದಾರರ ವಿಷಯವೂ ತಿಳಿಯುತ್ತದೆ.

5. ಫ್ಲ್ಯಾಟ್ ಆದರೆ

ಹೊಸ ಯೋಜನೆಯಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. 500 ಚದರ ಮೀಟರ್‌ಗಿಂತ ಹೆಚ್ಚು ಜಾಗದಲ್ಲಿ, 8ಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆ ಅಲ್ಲಿ ಇರಲೇಬೇಕು. ನೋಂದಾಯಿತ ಕರಾರು ಮಾಡಿಕೊಳ್ಳದೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳುವ ಹಕ್ಕಿದೆ. ಇಲ್ಲವೇ ಮನೆಯನ್ನೇ ಉಳಿಸಿಕೊಂಡು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಮನೆ ಕೊಟ್ಟ 5 ವರ್ಷದವರೆಗೆ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು.

ಓಸಿ, ಅಂದರೆ ಕಟ್ಟಡ ನಕ್ಷೆಯಂತೆ ಆಗಿದೆ, ವಾಸ ಮಾಡಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ವಾಸಯೋಗ್ಯ ಪ್ರಮಾಣಪತ್ರ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಡಿಸೆಂಬರ್ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓಸಿ ಬರುವ ಮೊದಲು ಕೊಂಡರೆ ಜಿಎಸ್‌ಟಿ ಶೇ 5, ಕೈಗೆಟಕುವ ಬೆಲೆಯ ಮನೆಗಳ ವರ್ಗಕ್ಕೆ ಶೇ 1. ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಈಗಾಗಲೇ ಒಬ್ಬರು ವಾಸವಿದ್ದ ಫ್ಲ್ಯಾಟ್ ಕೊಳ್ಳುವಾಗಲೂ ಇಲ್ಲ.

ಕ್ರಯಪತ್ರದಲ್ಲಿ ನೆಲದ ಅವಿಭಜಿತ ಪಾಲು ಎಷ್ಟು ಚದರ ಅಡಿ ಎಂದು ಬರೆದಿರಬೇಕು. ಹಳೆಯ ಫ್ಲ್ಯಾಟ್ ಆದರೆ ಫ್ಲ್ಯಾಟ್ ಮಾಲೀಕರ ಸಂಘದಿಂದ ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಳ್ಳಿ.

6. ಅಗ್ರಿಮೆಂಟ್: ಬರೆದಷ್ಟೇ ನಿಮ್ಮದು

ಕ್ರಯದ ಕರಾರು ಎಂದರೆ ಮುಂದೆ ಮಾರುತ್ತೇನೆ, ಕೊಳ್ಳುತ್ತೇನೆ ಎಂಬ ಒಪ್ಪಂದ. ಮಾಲೀಕತ್ವ ಇದರಿಂದ ಬರುವುದಿಲ್ಲ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿ ನೋಂದಾಯಿತ ಕ್ರಯಪತ್ರದಿಂದ ಮಾತ್ರ ಕೈ ಬದಲಾಗುತ್ತದೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ.

ಕರಾರನ್ನು ನೋಂದಣಿ ಮಾಡಿಸಬೇಕೇ? ಸ್ವಾಧೀನ ಬಿಟ್ಟುಕೊಡುವ ಕರಾರಾದರೆ ಮಾಡಿಸಲೇಬೇಕು. ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಸ್ವಾಧೀನ ಇಲ್ಲದ ಕರಾರಿಗೆ ಕಡ್ಡಾಯವಲ್ಲ. ಆದರೆ ನೋಂದಣಿಯಾದರೆ ಇ.ಸಿ.ಯಲ್ಲಿ ಕಾಣುತ್ತದೆ, ಮಾರುವವರು ಅದೇ ಮನೆಯನ್ನು ಇನ್ನೊಬ್ಬರಿಗೆ ತೋರಿಸುವುದು ಕಷ್ಟವಾಗುತ್ತದೆ. ಮುಂಗಡ ದೊಡ್ಡದಿದ್ದು, ನೋಂದಣಿಗೆ ಇನ್ನೂ ತಿಂಗಳುಗಳಿದ್ದರೆ ಖರ್ಚಾದರೂ ಮಾಡಿಸಿ.

ಕರಾರಿನಲ್ಲಿ ಇರಲೇಬೇಕಾದವು: ಒಟ್ಟು ಬೆಲೆ, ಕೊಟ್ಟ ಮುಂಗಡ, ಬಾಕಿ ಹಣ ಕೊಡುವ ದಿನ, ಕ್ರಯಪತ್ರ ಮಾಡಿಕೊಡುವ ಕೊನೆಯ ದಿನ, ಸ್ವಾಧೀನ ಯಾವಾಗ, ಹಳೆಯ ತೆರಿಗೆ ಮತ್ತು ಕರೆಂಟ್ ಬಿಲ್ ಯಾರದು, ಕೊಳ್ಳುವವರು ಹಿಂದೆ ಸರಿದರೆ ಮುಂಗಡ ಏನಾಗುತ್ತದೆ, ಮಾರುವವರು ಹಿಂದೆ ಸರಿದರೆ ಏನು ಕೊಡಬೇಕು, ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಏನು, ಹಕ್ಕಿನಲ್ಲಿ ದೋಷ ಸಿಕ್ಕರೆ ಏನು. ಕೊನೆಯ ಎರಡನ್ನು ಬಹಳಷ್ಟು ಕರಾರುಗಳಲ್ಲಿ ಬರೆಯುವುದೇ ಇಲ್ಲ. ಜಗಳ ಬರುವುದೂ ಅಲ್ಲೇ.

ಮಾರುವವರು ಕ್ರಯಪತ್ರ ಮಾಡಿಕೊಡದೆ ಸತಾಯಿಸಿದರೆ, ಕರಾರಿನಲ್ಲಿ ಗೊತ್ತುಮಾಡಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ನಿಮ್ಮ ಪಾಲಿನ ಹಣ ಸಿದ್ಧವಿತ್ತು ಎಂದು ತೋರಿಸಬೇಕಾಗುತ್ತದೆ. ಹಾಗಾಗಿ ನೋಟಿಸ್, ಬ್ಯಾಂಕ್ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲ ಉಳಿಸಿಕೊಳ್ಳಿ.

ಬಾಡಿಗೆದಾರರು ಇರುವ ಮನೆ ಕೊಂಡರೆ ಮಾರಾಟವಾದ ಮಾತ್ರಕ್ಕೆ ಅವರ ಬಾಡಿಗೆ ಒಪ್ಪಂದ ಮುಗಿಯುವುದಿಲ್ಲ. ನೀವು ಅವರ ಹೊಸ ಮಾಲೀಕರಾಗುತ್ತೀರಿ, ಅಷ್ಟೇ. ಖಾಲಿ ಮನೆ ಬೇಕಿದ್ದರೆ ಖಾಲಿ ಮಾಡಿಸಿಕೊಟ್ಟ ಮೇಲೆ ಕೊನೆಯ ಕಂತು ಎಂದು ಬರೆಸಿ.

7. ಹಣದ ಲೆಕ್ಕ

ಮುದ್ರಾಂಕ ಶುಲ್ಕವನ್ನು ಮಾರ್ಗಸೂಚಿ ಬೆಲೆ ಮತ್ತು ನಿಜವಾದ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಹಾಕುತ್ತಾರೆ. ಮಾರ್ಗಸೂಚಿ ಬೆಲೆ ಎಂದರೆ ಆ ಪ್ರದೇಶಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ. ಶುಲ್ಕ ಸಾಮಾನ್ಯವಾಗಿ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6ರಷ್ಟಾಗುತ್ತದೆ. ನೋಂದಣಿ ಶುಲ್ಕ 31 ಆಗಸ್ಟ್ 2025ರಿಂದ ಶೇ 1ರ ಬದಲು ಶೇ 2 ಆಗಿದೆ. 60 ಲಕ್ಷದ ಮನೆಗೆ ಎರಡೂ ಸೇರಿ ಸುಮಾರು 4 ಲಕ್ಷ 56 ಸಾವಿರ ರೂಪಾಯಿ. ಸಾಲದ ಲೆಕ್ಕ ಹಾಕುವಾಗಲೇ ಇದನ್ನು ಬದಿಗಿಡಿ.

ಬೆಲೆ ಕಡಿಮೆ ತೋರಿಸಿ ಉಳಿದದ್ದು ನಗದು ಕೊಡಿ ಎಂಬ ಬೇಡಿಕೆಗೆ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆದರೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವರಿಗೂ ನಷ್ಟವೇ. ವ್ಯವಹಾರ ಮುರಿದರೆ ಆ ಹಣಕ್ಕೆ ದಾಖಲೆ ಇಲ್ಲ. ಮಾರಾಟದ ಬೆಲೆ ಮಾರ್ಗಸೂಚಿ ಬೆಲೆಗಿಂತ ಶೇ 10ನ್ನು ಮೀರಿ ಕಡಿಮೆಯಿದ್ದರೆ ಇಬ್ಬರಿಗೂ ಆದಾಯ ತೆರಿಗೆಯ ಹೊರೆ ಬರಬಹುದು.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 50 ಲಕ್ಷ ಮೀರಿದ ಭಾಗಕ್ಕಲ್ಲ, ಪೂರ್ತಿ ಮೊತ್ತಕ್ಕೆ. ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಿ ಪ್ರಮಾಣಪತ್ರವನ್ನು ಮಾರುವವರಿಗೆ ಕೊಡಿ. ಮಾರುವವರು ಅನಿವಾಸಿ ಭಾರತೀಯರಾದರೆ ಶೇ 1 ಅಲ್ಲ, ದರ ಬಹಳ ಹೆಚ್ಚು, 50 ಲಕ್ಷದ ಮಿತಿಯೂ ಇಲ್ಲ. ತಪ್ಪಿದರೆ ಆ ತೆರಿಗೆಯನ್ನು ನಿಮ್ಮಿಂದಲೇ ವಸೂಲಿ ಮಾಡುತ್ತಾರೆ. ಇಂಥ ಕಡೆ ಲೆಕ್ಕ ಪರಿಶೋಧಕರನ್ನು ಕೇಳದೆ ಹಣ ಕೊಡಲೇಬೇಡಿ.

8. ನೋಂದಣಿಯ ದಿನ

ಕಾವೇರಿ 2.0ರಲ್ಲಿ ಕರಡು ಪತ್ರ, ಆಸ್ತಿ ವಿವರ ಹಾಕಿ ಅರ್ಜಿ ಸಲ್ಲಿಸಬೇಕು. ಉಪನೋಂದಣಿ ಕಚೇರಿಯವರು ಪರಿಶೀಲಿಸಿ ಶುಲ್ಕ ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೋದರೆ ಫೋಟೊ, ಬೆರಳಚ್ಚು, ಸಹಿ ಆಗುತ್ತದೆ. ಆಧಾರ್, ಪ್ಯಾನ್, ಸಾಕ್ಷಿಗಳು, ಅವರ ಗುರುತಿನ ಚೀಟಿ ಮರೆಯಬೇಡಿ. ಪತ್ರಕ್ಕೆ ಸಹಿ ಹಾಕಿದ ದಿನದಿಂದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ಹಿಂದಿನ ದಿನ ಇನ್ನೊಂದು ಇ.ಸಿ. ತೆಗೆಸಿ. ಕರಾರಿನಿಂದ ಈಚೆಗೆ ಹೊಸ ಸಾಲು ಸೇರಿದೆಯೇ ನೋಡಿ. ಆಮೇಲೆ ಕ್ರಯಪತ್ರದ ಅಂತಿಮ ಪ್ರತಿಯನ್ನು ನೀವೇ ಕೂತು ಓದಿ. ಹೆಸರಿನ ಒಂದಕ್ಷರ, ಸರ್ವೆ ನಂಬರಿನ ಒಂದಂಕಿ ತಪ್ಪಿದರೂ ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೆ ಮಾರಿದವರು ಮತ್ತೆ ಬರಬೇಕು. ಹಣ ಸಂದಾಯದ ಪ್ರತಿ ಕಂತಿನ ದಿನಾಂಕ, ಬ್ಯಾಂಕ್ ವಹಿವಾಟು ಸಂಖ್ಯೆ ಪತ್ರದಲ್ಲಿ ಇರಲಿ. ಹಕ್ಕಿನಲ್ಲಿ ದೋಷ ಬಂದರೆ ಮಾರಿದವರು ನಷ್ಟ ತುಂಬಿಕೊಡುತ್ತಾರೆ ಎಂಬ ಮಾತೂ ಇರಲಿ. ಮೂಲಪತ್ರಗಳನ್ನು ಪಟ್ಟಿ ಹಿಡಿದು ಒಂದೊಂದೇ ಎಣಿಸಿ ತೆಗೆದುಕೊಳ್ಳಿ.

9. ಮಾರುವವರಿಗೆ

ಸಾಲ ತೀರಿಸಿದ ಮೇಲೆ ಬ್ಯಾಂಕ್ 30 ದಿನದೊಳಗೆ ಮೂಲಪತ್ರ ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 1 ಡಿಸೆಂಬರ್ 2023ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಅಡಮಾನ ನೋಂದಣಿಯಾಗಿದ್ದರೆ ಋಣಮುಕ್ತಿ ಪತ್ರವನ್ನೂ ನೋಂದಣಿ ಮಾಡಿಸಿ, ಇಲ್ಲದಿದ್ದರೆ ಇ.ಸಿ.ಯಲ್ಲಿ ಹಳೆಯ ಸಾಲ ಹಾಗೇ ಉಳಿಯುತ್ತದೆ. ಸಾಲ ಇನ್ನೂ ಇದ್ದರೆ ಕೊಳ್ಳುವವರಿಂದ ಅದನ್ನು ಮುಚ್ಚಿಡಬೇಡಿ. ಬಾಕಿ ಎಷ್ಟು ಎಂದು ಬ್ಯಾಂಕಿನಿಂದ ಪತ್ರ ತೆಗೆದು, ಕೊಳ್ಳುವವರು ಆ ಮೊತ್ತವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟುವಂತೆ ಮಾಡಿಕೊಳ್ಳಿ.

ಪೂರ್ತಿ ಹಣ ಖಾತೆಗೆ ಬಂದದ್ದನ್ನು ಖಚಿತ ಮಾಡಿಕೊಂಡು ಸಹಿ ಹಾಕಿ. ಆಮೇಲಿನ ದಿನಾಂಕದ ಚೆಕ್ಕಿಗೆ ನೋಂದಣಿ ಮಾಡಿಕೊಟ್ಟರೆ, ಚೆಕ್ ಬೌನ್ಸ್ ಆದರೂ ಮಾಲೀಕತ್ವ ಸಾಮಾನ್ಯವಾಗಿ ಕೈಬಿಟ್ಟಿರುತ್ತದೆ. ಹಣಕ್ಕಾಗಿ ಪ್ರತ್ಯೇಕ ದಾವೆ ಹೂಡಿ ಅಲೆಯಬೇಕು.

24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮಲ್ಲಿದ್ದ ಮನೆ ಮಾರಿ ಬಂದ ಲಾಭಕ್ಕೆ ತೆರಿಗೆ ಶೇ 12.5. 23 ಜುಲೈ 2024ಕ್ಕೆ ಮೊದಲು ಕೊಂಡದ್ದಾದರೆ, ನಿವಾಸಿ ಭಾರತೀಯರು ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ಹೊಂದಿಸಿ ಶೇ 20ರ ಲೆಕ್ಕವನ್ನೂ ಹಾಕಬಹುದು. ಎರಡರಲ್ಲಿ ತೆರಿಗೆ ಕಡಿಮೆ ಬರುವುದು ನಿಮಗೆ. ಮಾರುವ 1 ವರ್ಷ ಮೊದಲು ಅಥವಾ 2 ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ 3 ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಇದೆ. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನದೊಳಗೆ ಹಣ ಬಳಸಿರದಿದ್ದರೆ ಅದನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು. ಮಾಮೂಲು ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಬಿಟ್ಟರೆ ವಿನಾಯಿತಿ ಕೈತಪ್ಪುತ್ತದೆ.

10. ನೋಂದಣಿ ಮುಗಿದ ಮೇಲೆ

ಖಾತೆ ವರ್ಗಾವಣೆ ತಾನಾಗಿಯೇ ಆಗುತ್ತದೆ ಎಂದು ಬಿಡಬೇಡಿ. ಇ-ಖಾತೆಯಲ್ಲಿ ನಿಮ್ಮ ಹೆಸರು ಬಂತೇ ಎಂದು ನೋಡಿ, ಬರದಿದ್ದರೆ ಅರ್ಜಿ ಕೊಡಿ. ವಿದ್ಯುತ್, ನೀರಿನ ಮೀಟರ್ ಹೆಸರು ಬದಲಿಸಿ, ಠೇವಣಿಯನ್ನು ನಿಮ್ಮ ಹೆಸರಿಗೆ ಮಾಡಿಸಿ. ಒಂದೆರಡು ತಿಂಗಳ ನಂತರ ಮತ್ತೊಂದು ಇ.ಸಿ. ತೆಗೆಸಿ, ನಿಮ್ಮ ಕ್ರಯಪತ್ರ ಅದರಲ್ಲಿ ಸರಿಯಾದ ವಿವರದೊಂದಿಗೆ ದಾಖಲಾಗಿದೆಯೇ ನೋಡಿ. ಸಾಲ ಮಾಡಿ ಕೊಂಡಿದ್ದರೆ ಮೂಲಪತ್ರಗಳು ಬ್ಯಾಂಕಿಗೆ ಹೋಗುತ್ತವೆ. ಯಾವ ಯಾವ ಪತ್ರ, ಎಷ್ಟು ಪುಟ ಎಂಬ ಪಟ್ಟಿಗೆ ಬ್ಯಾಂಕಿನ ಸಹಿ, ಮೊಹರು ಹಾಕಿಸಿಕೊಳ್ಳಿ. ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕ್ರಯಪತ್ರದ ಒಂದು ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಿಂದ ತೆಗೆದು ಮನೆಯಲ್ಲಿಡಿ, ಅದು ಎಲ್ಲಿದೆ ಎಂದು ಮನೆಯವರಿಗೂ ಹೇಳಿಡಿ.